ಕರಡಿಯ ಬೆನ್ನ ಮೇಲಿನ ಹನ್ನೊಂದು

ಮೈಕಣ್ಣನನ್ನು ಕಾರಂಜಿಗೆ ತಳ್ಳಿದವನು ಬುಗುರಿ ಎಂದು ಊರೆಲ್ಲ ಹೇಳುತ್ತಿತ್ತು. ತಳ್ಳಿದ್ದು ಅವನಲ್ಲ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬ ಸ್ವತಃ ಬುಗುರಿ. ಇನ್ನೊಬ್ಬಳು ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಸೋಪಕ್ಕ. ಅವಳಿಗೆ ಹೇಗೆ ಗೊತ್ತು ಎಂದರೆ, ತಳ್ಳಿದವಳು ಅವಳೇ.

ಆದರೆ ಪತ್ರಿಕೆಯಲ್ಲಿ ಬಂದ ಫೋಟೊ ಬೇರೆಯೇ ಕಥೆ ಹೇಳುತ್ತಿತ್ತು. ಆಟದ ಸಾಮಾನಿನ ಹೊಸ ಅಂಗಡಿ, ಅದರ ಮುಂದೆ ಕಾರಂಜಿ, ಕಾರಂಜಿಯ ಪಕ್ಕದಲ್ಲಿ ಕ್ಲಬ್ಬಿನ ಕರಡಿ ವೇಷ. ಕರಡಿಯ ಬೆನ್ನಿನ ಜಿಪ್ಪು ಸೊಂಟದವರೆಗೂ ಕಿತ್ತುಬಂದು, ಒಳಗಿನ ಬಿಳಿ ಅಂಗಿಯ ಮೇಲೆ ‘೧೧’ ಎಂದು ಢಾಳಾಗಿ ಕಾಣುತ್ತಿತ್ತು. ನೀರಿನಲ್ಲಿ ಕಾಲು ಮೇಲಾಗಿ ಬಿದ್ದಿದ್ದವನು ಟೀವಿಯಲ್ಲಿ ಪಂದ್ಯದ ವಿವರಣೆ ಕೊಡುವ ಮೈಕಣ್ಣ. ಮೈ ಪೂರ್ತಿ ಮುಳುಗಿದ್ದರೂ ಮೈಕನ್ನು ಮಾತ್ರ ಮೇಲೆತ್ತಿ ಹಿಡಿದಿದ್ದ. ಆ ಮನುಷ್ಯನ ವೃತ್ತಿನಿಷ್ಠೆಯನ್ನು ಮೆಚ್ಚಲೇಬೇಕು.

ಹನ್ನೊಂದನೇ ನಂಬರಿನ ಅಂಗಿ ಬುಗುರಿಯದು. ಎದುರಾಳಿಯ ಸುತ್ತ ಗಿರ್ರನೆ ತಿರುಗಿ ಚೆಂಡು ದಾಟಿಸಿಕೊಂಡು ಹೋಗುತ್ತಿದ್ದುದರಿಂದ ಅವನಿಗೆ ಆ ಹೆಸರು. ಮೈದಾನದೊಳಗೆ ಅವನದು ಬಂಗಾರದಂಥ ಕಾಲು. ಮೈದಾನ ದಾಟಿದರೆ ಅದೇ ಕಾಲು ಎಲ್ಲಿ ಇಡಬಾರದೋ ಅಲ್ಲಿಗೇ ಹೋಗುತ್ತಿತ್ತು. ಹೋದ ವರ್ಷ ಲೈಸೆನ್ಸ್ ಇಲ್ಲದೆ ಗೆಳೆಯನ ಕಾರು ಓಡಿಸಿ, ಕ್ಲಬ್ಬಿನ ಗೇಟಿಗೆ ಗುದ್ದಿ, ಅಷ್ಟು ಸಾಲದೆಂದು ಹಿಂದಕ್ಕೆ ತೆಗೆದು ಮ್ಯಾನೇಜರರ ಕಾರಿಗೂ ಗುದ್ದಿದ್ದ. ಈ ವರ್ಷ ಹೋಟೆಲಿನಲ್ಲಿ ಸೆಕೆ ಎಂದು ರೂಮಿನ ಹಾಸಿಗೆಯನ್ನು ಈಜುಕೊಳಕ್ಕೆ ಹಾಕಿ ಅದರ ಮೇಲೆ ಮಲಗಲು ಹೋಗಿದ್ದ. ಹಾಸಿಗೆ ಮುಳುಗಿತು, ಸುದ್ದಿ ತೇಲಿತು.

ಲೀಗಿನ ಶಿಸ್ತು ಸಮಿತಿ ಅವನಿಗೆ ಕೊಟ್ಟ ಶಿಕ್ಷೆಯೇ ಆ ಕರಡಿ. ಎಂಟು ಶನಿವಾರ ಕರಡಿ ವೇಷ ಹಾಕಿಕೊಂಡು, ಹೇಳಿದ ಕಡೆ ನಿಂತು ಮಕ್ಕಳಿಗೆ ಬಲೂನು ಹಂಚಬೇಕು. ಇನ್ನೊಂದು ತಪ್ಪು ಮಾಡಿದರೆ ಇಡೀ ಋತು ಆಟದಿಂದ ಹೊರಗೆ. ಇದನ್ನು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದರು.

ಸೋಪಕ್ಕನ ಬಟ್ಟೆ ಕೋಣೆ ಸ್ಟೇಡಿಯಂನ ಮೆಟ್ಟಿಲುಗಳ ಕೆಳಗಿತ್ತು. ಮೂರು ದೊಡ್ಡ ಯಂತ್ರ, ಎರಡು ಇಸ್ತ್ರಿ ಮೇಜು, ಗೋಡೆಗೆ ಇಪ್ಪತ್ತೈದು ಗೂಡು, ಒಂದೊಂದು ಗೂಡಿಗೂ ಒಂದೊಂದು ಮುಚ್ಚಳದ ಡಬ್ಬಿ. ಜೇಬು ನೋಡದೆ ಬಟ್ಟೆ ನೀರಿಗೆ ಹಾಕಬಾರದು ಎನ್ನುವುದು ಅವಳ ಮೊದಲ ಕಾನೂನು. ಜೇಬಿನಲ್ಲಿ ಸಿಕ್ಕಿದ್ದು ಬಸ್ ಟಿಕೆಟ್ಟಾಗಲಿ ಪ್ರೇಮಪತ್ರವಾಗಲಿ, ಆಯಾ ನಂಬರಿನ ಡಬ್ಬಿ ಸೇರುತ್ತಿತ್ತು. ಓದುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಓದಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಎರಡನೇ ಕಾನೂನು: ಕಲೆ ಯಾರದೋ ಅವರೇ ಬಾಯಿಬಿಟ್ಟು ಹೇಳಬೇಕು. ಶಾಯಿಯೋ, ಸಾಂಬಾರೋ, ತುಟಿಯ ಬಣ್ಣವೋ ಗೊತ್ತಾಗದೆ ಅವಳು ಕೈ ಹಚ್ಚುತ್ತಿರಲಿಲ್ಲ. “ಒಪ್ಕೊಂಡ್ರೆ ಅರ್ಧ ಕಲೆ ಅಲ್ಲೇ ಹೋಯ್ತು ಕಣ್ರೋ” ಎಂದು ಇಪ್ಪತ್ತೊಂದು ವರ್ಷದಿಂದ ಬಂದ ಆಟಗಾರರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ಇಪ್ಪತ್ತೊಂದು ವರ್ಷದಲ್ಲಿ ಒಂದು ಪಂದ್ಯವನ್ನೂ ಅವಳು ತಪ್ಪಿಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಕೋಣೆಯೇ ಅವಳ ಮನೆ, ಮನೆ ಬರೀ ಮಲಗುವ ಜಾಗ.

ಆರನೇ ಶನಿವಾರದ ಹಿಂದಿನ ದಿನ ಬುಗುರಿ ಬಂದು ಇಸ್ತ್ರಿ ಮೇಜಿಗೆ ಒರಗಿ ನಿಂತ.

“ಅಕ್ಕ, ನಾಳೆ ಡ್ರೈವಿಂಗ್ ಟೆಸ್ಟು.”

“ಹೋಗಿ ಬಾ. ಗೇಟಿಗೆ ಮಾತ್ರ ಗುದ್ಬೇಡ.”

“ನಾಳೆ ಕರಡಿನೂ ಇದೆ. ಎರಡೂ ಹನ್ನೊಂದು ಗಂಟೆಗೆ. ಇದು ಬಿಟ್ರೆ ಇನ್ನು ನಾಲ್ಕು ತಿಂಗಳು ತಾರೀಖು ಸಿಗಲ್ಲ. ನಾನು ಸರಿಹೋಗ್ಬೇಕು ಅಂತಾನೇ ಲೈಸೆನ್ಸ್ ಮಾಡಿಸ್ತಿರೋದು ಅಕ್ಕ.”

“ಸಮಿತಿಗೆ ಹೇಳು.”

“ಹೇಳಿದ್ರೆ ಇದೂ ನೆಪ ಅಂತಾರೆ. ಒಂದೇ ಒಂದು ಗಂಟೆ ನೀನು ಕರಡಿಯೊಳಗೆ ನಿಂತ್ಕೊ. ಮಾತಾಡೋ ಹಾಗಿಲ್ಲ, ಬಲೂನ್ ಕೊಡೋದಷ್ಟೆ.”

“ನಾನು ಮಾತಾಡ್ದೆ ಒಂದು ಗಂಟೆ ಇರ್ತೀನಾ? ನಿನಗೆ ತಲೆ ಕೆಟ್ಟಿದೆಯಾ?”

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೂ ಒಪ್ಪಿಕೊಂಡಳು. ತಾಯಿ ಇಲ್ಲದ ಹುಡುಗ. ಆರು ವರ್ಷದ ಹಿಂದೆ ಕ್ಲಬ್ಬಿಗೆ ಸೇರಿದಾಗ ಅವನ ಚೀಲದಲ್ಲಿ ಎರಡೇ ಜೊತೆ ಬಟ್ಟೆ ಇದ್ದವು. ಹರಿದಿದ್ದ ಆ ಎರಡನ್ನೂ ಅವಳೇ ಹೊಲಿದುಕೊಟ್ಟಿದ್ದಳು. ಇವತ್ತು ತನ್ನಷ್ಟಕ್ಕೆ ತಾನೇ ಒಂದು ನೆಟ್ಟಗಿನ ಕೆಲಸ ಮಾಡಲು ಹೊರಟಿದ್ದಾನೆ ಎಂದು ಅವಳ ಮನಸ್ಸು ಕರಗಿತು.

ಕರಡಿ ಬುಗುರಿಯ ಅಳತೆಯದಲ್ಲ, ಸೋಪಕ್ಕನ ಅಳತೆಯದಂತೂ ಅಲ್ಲವೇ ಅಲ್ಲ. ಐದಡಿಗೂ ಒಂದಿಂಚು ಕಡಿಮೆ ಇದ್ದ ಅವಳು ಕಾಲನ್ನು ಮಡಚಿ ಮಡಚಿ ಪಿನ್ನು ಹಾಕಿಕೊಂಡಳು. ಒಳಗಿನ ಕೂದಲು ಚುಚ್ಚುತ್ತದೆಂದು ಒಗೆದಿಟ್ಟ ಅಂಗಿಗಳ ಅಟ್ಟಿಯಲ್ಲಿ ಮೇಲಿದ್ದುದನ್ನು ಎಳೆದು ಹಾಕಿಕೊಂಡಳು. ನಂಬರು ನೋಡಲಿಲ್ಲ. ಸಾವಿರಾರು ಸಲ ಮಡಚಿಟ್ಟ ಅಂಗಿಗಳ ನಂಬರನ್ನು ಯಾರು ನೋಡುತ್ತಾರೆ?

ಮುಕ್ಕಾಲು ಗಂಟೆ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಕರಡಿಯ ಪೂಜೆಗೆ ಮೈಕಣ್ಣ ಬಂದ. ಕ್ಯಾಮೆರಾದವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಕರಡಿಯ ಹೆಗಲ ಮೇಲೆ ಕೈಹಾಕಿ ಶುರು ಮಾಡಿದ.

“ನೋಡಿ, ದೊಡ್ಡ ಆಟಗಾರ ಈಗ ದೊಡ್ಡ ಕರಡಿ! ಇವರನ್ನೆಲ್ಲ ಬೈದು ಬೆಳೆಸೋಕೆ ಮನೇಲಿ ಒಬ್ಬ ತಾಯಿ ಇರ್ಬೇಕಿತ್ತು. ಇಲ್ಲ ನೋಡಿ, ಅದಕ್ಕೇ ಈ ಗತಿ.”

ನಾಲಿಗೆಗೆ ಎಲುಬಿಲ್ಲ, ಸರಿ. ಕರಡಿಗೆ ಕೈಯಂತೂ ಇತ್ತು. ಬೈಯುವವರಿಲ್ಲ ಎಂದನಲ್ಲ! ಆರು ವರ್ಷದಿಂದ ಗಂಟಲು ಹರಿದುಕೊಂಡು ಬೈದವಳು ತಾನು ಇಲ್ಲಿ ನಿಂತಿರುವಾಗ! ಸೋಪಕ್ಕ ಎರಡೂ ಪಂಜ ಎತ್ತಿ ತಳ್ಳಿದಳು. ಜಿಪ್ಪು ಪರ್ರೆಂದಿತು, ಮೈಕಣ್ಣ ಧೊಪ್ಪೆಂದ, ಮಕ್ಕಳು ಚಪ್ಪಾಳೆ ತಟ್ಟಿದರು.

ಸೋಮವಾರ ಮ್ಯಾನೇಜರು ಎಲ್ಲರನ್ನೂ ಸೇರಿಸಿ ಪತ್ರಿಕೆ ಬೀಸಿ ಹೇಳಿದರು: “ಆ ಕರಡಿಯೊಳಗೆ ಯಾರೇ ಇರ್ಲಿ, ಈ ಕ್ಲಬ್ಬಿನ ಗೇಟಿಂದ ಆಚೆಗೆ!” ಎಲ್ಲರೂ ಬುಗುರಿಯನ್ನು ನೋಡಿದರು. ಸೋಪಕ್ಕ ತನ್ನ ಕೈಗಳನ್ನು ನೋಡಿಕೊಂಡಳು.

ಆಮೇಲೆ ಬುಗುರಿ ಬಟ್ಟೆ ಕೋಣೆಗೆ ಬಂದು ಬಾಗಿಲು ಹಾಕಿದ. “ಅಕ್ಕ, ನೀನು ಬಾಯಿ ಬಿಡ್ಬೇಡ. ನಾನು ಎಲ್ಲಾದ್ರೂ ಆಡ್ತೀನಿ. ನೀನು ಇದು ಬಿಟ್ಟು ಎಲ್ಲಿಗೆ ಹೋಗ್ತೀಯ?”

ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ಮೂರು ಯಂತ್ರಗಳನ್ನೂ ಒಟ್ಟಿಗೆ ತಿರುಗಿಸಿ, ಆ ಗದ್ದಲದಲ್ಲಿ ತನ್ನ ಮನಸ್ಸಿನ ಮಾತು ಕೇಳಿಸದ ಹಾಗೆ ಎರಡು ದಿನ ಕಳೆದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ತನ್ನನ್ನೇ ಬೈದುಕೊಂಡಳು, ಬೈದುಕೊಂಡೂ ಸುಮ್ಮನಿದ್ದಳು. ಮಂಗಳವಾರ ಬುಗುರಿಯ ಪ್ಯಾಂಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಓದಿದಳು, ಹನ್ನೊಂದರ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆ ಮುಚ್ಚಳ ಸಾಯಂಕಾಲದವರೆಗೂ ಅವಳನ್ನೇ ನೋಡುತ್ತಿರುವಂತೆ ಅನ್ನಿಸಿತು.

ಬುಧವಾರ ವಿಚಾರಣೆ. ಸಾಕ್ಷಿಗೆಂದು ಕರಡಿಯನ್ನೂ ತರಬೇಕೆಂದು ಸಮಿತಿ ಬರೆದಿತ್ತು. ಹೊತ್ತು ತಂದವಳು ಸೋಪಕ್ಕ. ಉದ್ದನೆಯ ಮೇಜಿನ ಹಿಂದೆ ಮೂವರು ಕುಳಿತಿದ್ದರು. ನಡುವಿನ ಅಧ್ಯಕ್ಷರು ಮೂವತ್ತು ವರ್ಷ ರೆಫರಿಯಾಗಿದ್ದವರು. ಯಾರಾದರೂ ನಡುವೆ ಬಾಯಿ ಹಾಕಿದರೆ ಅವರ ಕೈ ತಾನಾಗಿಯೇ ಹಳದಿ ಕಾರ್ಡಿಗಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಒಂದು ಬದಿಗೆ ಮ್ಯಾನೇಜರು, ಇನ್ನೊಂದು ಬದಿಗೆ ನೆಗಡಿ ಹಿಡಿದ ಮೈಕಣ್ಣ. ಸೋಪಕ್ಕ ಮೂಲೆಯ ಕುರ್ಚಿಯಲ್ಲಿ ಕರಡಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

“ತಪ್ಪು ಒಪ್ಕೋತೀರಾ?” ಅಧ್ಯಕ್ಷರು ಕೇಳಿದರು.

“ಒಪ್ಕೋತೀನಿ ಸಾರ್” ಎಂದ ಬುಗುರಿ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಬೆನ್ನ ಹಿಂದೆ ಅವನ ಕೈಗಳು ಅಂಗಿಯ ತುದಿಯನ್ನು ಹಿಂಡುತ್ತಿದ್ದುದು ಮೂಲೆಯಲ್ಲಿದ್ದ ಸೋಪಕ್ಕನಿಗೆ ಮಾತ್ರ ಕಾಣಿಸುತ್ತಿತ್ತು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಯಾರದೋ ಕಲೇನ ನಿಂದು ಅಂತೀಯೇನೋ?” ಎಂದು ಎದ್ದಳು. ಕರಡಿಯ ತಲೆ ಉರುಳಿ ಮೇಜಿನ ಕೆಳಗೆ ಹೋಯಿತು. “ಅದರೊಳಗೆ ಇದ್ದಿದ್ದು ನಾನು ಸಾರ್.”

ಅಧ್ಯಕ್ಷರ ಕೈ ಜೇಬಿಗೆ ಹೋಯಿತು. “ನೀವು ಕೂತ್ಕೊಳ್ಳಿ.”

“ಅಕ್ಕ ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾರೆ ಸಾರ್!” ಎಂದ ಬುಗುರಿ.

“ಸುಳ್ಳು ಹೇಳ್ತಿರೋದು ನೀನು. ಹಾಕ್ಕೋ ಇದನ್ನ!”

ಅವಳ ದನಿಗೆ ಆರು ವರ್ಷದಿಂದ ಎದುರಾಡದ ಬುಗುರಿ ಈಗಲೂ ಎದುರಾಡಲಿಲ್ಲ. ಕರಡಿಗೆ ಕಾಲು ತೂರಿಸಿದ. ವೇಷ ಅವನ ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಅದರ ಕೆಳಗೆ ಅವನ ಜಗತ್ಪ್ರಸಿದ್ಧ ಕಾಲುಗಳು ಬೋಳಾಗಿ ಕಂಡವು. ಸಮಿತಿಯ ಮೂವರೂ ಫೋಟೊ ನೋಡಿದರು. ಫೋಟೊದ ಕರಡಿಯ ಕಾಲು ಮಡಿಕೆ ಮಡಿಕೆಯಾಗಿ ನೆಲಕ್ಕೆ ತಾಗಿತ್ತು, ಮಡಿಕೆಯಲ್ಲಿ ಪಿನ್ನು ಮಿಂಚುತ್ತಿತ್ತು. ಇಷ್ಟು ಜನ ಇಷ್ಟು ದಿನ ಆ ಫೋಟೊ ನೋಡಿದ್ದರು, ಎಲ್ಲರೂ ಬೆನ್ನನ್ನೇ ನೋಡಿದ್ದರು.

“ಹಾಗಾದ್ರೆ ಆಗ ಇವನೆಲ್ಲಿದ್ದ?” ಎಂದರು ಅಧ್ಯಕ್ಷರು.

ಸೋಪಕ್ಕ ಸೆರಗಿನ ಗಂಟು ಬಿಚ್ಚಿ, ಹನ್ನೊಂದರ ಡಬ್ಬಿಯಿಂದ ತಂದಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಡ್ರೈವಿಂಗ್ ಟೆಸ್ಟಿನ ಚೀಟಿ. ಶನಿವಾರ, ಹನ್ನೊಂದು ನಲವತ್ತೈದು, ಮೊಹರು, ‘ಪಾಸು’.

“ಪಾಸಾದ್ನಾ?” ಎಂದು ಮ್ಯಾನೇಜರು ಗಾಬರಿಯಿಂದ ಕೇಳಿದರು.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಸೋಪಕ್ಕನತ್ತ ತಿರುಗಿದರು. “ಈ ಆಟಗಾರನಿಗೂ ನಿಮಗೂ ಏನು ಸಂಬಂಧ?”

ಏನು ಹೇಳುವುದು? ಬಾಯಿಗೆ ಬಂದದ್ದು ಒಂದೇ. “ಬಟ್ಟೆ ಒಗೀತೀನಿ ಸಾರ್.”

“ತಳ್ಳಿದ್ದು ಯಾಕೆ?”

“ಅವರನ್ನೇ ಕೇಳಿ, ಏನಂದ್ರು ಅಂತ.” ಮೈಕಣ್ಣ ಸೀನಿದ. ದಿನಕ್ಕೆ ಎರಡು ಗಂಟೆ ನಿಲ್ಲಿಸದೆ ಮಾತಾಡುವವನಿಗೆ ಅಂದು ತಾನಾಡಿದ ಒಂದು ಮಾತನ್ನು ತಿರುಗಿ ಆಡಲು ಆಗಲಿಲ್ಲ. ಸೋಪಕ್ಕನೇ ಅವನ ಮುಂದೆ ಹೋಗಿ ನಿಂತಳು. “ತಳ್ಳಿದ್ದು ತಪ್ಪು. ಕ್ಷಮಿಸಿ. ಆ ಕೋಟು ತಂದ್ಕೊಡಿ, ಒಗೆದು ಇಸ್ತ್ರಿ ಮಾಡ್ಕೊಡ್ತೀನಿ. ಆದ್ರೆ ಅವನಿಗೆ ಬೈಯೋರಿಲ್ಲ ಅಂತ ಇನ್ನೊಂದ್ಸಲ ಅನ್ಬೇಡಿ.”

ತೀರ್ಪು ಅರ್ಧ ಗಂಟೆಯಲ್ಲಿ ಬಂತು. ಶಿಕ್ಷೆ ತಪ್ಪಿಸಿದ್ದು ಲೈಸೆನ್ಸಿಗಾಗಿ ಎಂದು, ಇಡೀ ಋತುವಿನ ಬದಲು ಬುಗುರಿಗೆ ಒಂದೇ ಪಂದ್ಯ ನಿಷೇಧ, ಮತ್ತೆ ಎಂಟು ಶನಿವಾರ ಕರಡಿ. ಸೋಪಕ್ಕನಿಗೆ ಮೂರು ಪಂದ್ಯ ನಿಷೇಧ. ಅವು ಮುಗಿಯುವ ತನಕ ಬಟ್ಟೆ ಕೋಣೆಗೂ ಕಾಲಿಡುವಂತಿಲ್ಲ. ಬಟ್ಟೆ ಒಗೆಯುವವರನ್ನು ಲೀಗು ನಿಷೇಧಿಸಿದ್ದು ಅದೇ ಮೊದಲು ಎಂದು ಅಧ್ಯಕ್ಷರು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಗೌರವವೇ ಇತ್ತು.

ಅವಳಿಗೆ ಲೀಗಿನ ಭಯವಿರಲಿಲ್ಲ, ಮ್ಯಾನೇಜರರ ಗೇಟಿನ ಭಯವಿತ್ತು. ಅವರು ಬೀಗದ ಕೈ ಇಸಿದುಕೊಂಡು, “ಬೇರೆಯವರನ್ನ ನೋಡ್ತೀನಿ” ಎಂದರು. ಅವಳು ಮನೆಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು.

ಭಾನುವಾರ ಪಂದ್ಯದ ಹೊತ್ತಿಗೆ ಟೀವಿ ಹಾಕಿಕೊಂಡು ಕುಳಿತಿದ್ದಾಗ ಮನೆಯ ಮುಂದೆ ಕಾರೊಂದು ನಿಂತ ಸದ್ದಾಯಿತು, ಜೊತೆಗೆ ಹೂಕುಂಡ ಒಡೆದ ಸದ್ದೂ ಆಯಿತು. ಲೈಸೆನ್ಸ್ ಇರುವ ಬುಗುರಿ ಒಳಗೆ ಬಂದ.

“ಪಾಸು ಮಾಡಿದೋರಿಗೆ ಕಣ್ಣಿತ್ತೇನೋ?” ಎಂದಳು.

ಅಷ್ಟರಲ್ಲಿ ತಂಡ ಮೈದಾನಕ್ಕೆ ಇಳಿಯಿತು. ಸೋಪಕ್ಕ ಬೆಚ್ಚಿ ಎದ್ದು ನಿಂತಳು. ಬಿಳಿ ಅಂಗಿಯ ತಂಡ ತಿಳಿ ಗುಲಾಬಿ ಬಣ್ಣದಲ್ಲಿ ನಿಂತಿತ್ತು. ಗೋಲ್‌ಕೀಪರನ ಅಂಗಿ ಹೊಕ್ಕುಳವರೆಗೆ ಕುಗ್ಗಿತ್ತು.

“ಯಾರು ಒಗೆದಿದ್ದು ಇದು?”

“ನಾವೇ” ಎಂದ ಬುಗುರಿ. “ಮ್ಯಾನೇಜರು ಬೇರೆಯೋರನ್ನ ಕರ್ಕೊಂಡು ಬಂದ್ರು. ಇಪ್ಪತ್ತೈದು ಜನಾನೂ ಬಾಗಿಲಿಗೆ ಅಡ್ಡ ಕೂತ್ವಿ. ಅಕ್ಕ ಬರೋ ತನಕ ನಾವೇ ಒಗೀತೀವಿ ಅಂದ್ವಿ. ಅವರೂ ಸೋತು ಹೂಂ ಅಂದ್ರು, ನಿನ್ನ ಕೆಲಸ ನಿಂದೇ.”

“ಕೆಂಪು ಕಾಲ್ಚೀಲ ಜೊತೆಗೆ ಹಾಕಿದ್ರಾ?”

“ಹಾಕಿದ್ವಿ.”

“ಬಿಸಿ ನೀರಿಗೆ?”

“ಕುದಿಯೋ ನೀರಿಗೆ.”

ಅವಳು ಹಣೆ ಚಚ್ಚಿಕೊಂಡು ಕುಳಿತಳು. ಟೀವಿಯಲ್ಲಿ ಮೈಕಣ್ಣ, “ಈ ಗುಲಾಬಿ ತಂಡಕ್ಕೆ ಬೈಯೋರು ಒಬ್ಬರಿದ್ದಾರೆ, ಇವತ್ತು ಮನೇಲಿದ್ದಾರೆ” ಎಂದು ಹೇಳಿ ಸೀನಿದ. ನೆಗಡಿ ಇನ್ನೂ ಬಿಟ್ಟಿರಲಿಲ್ಲ.

ಬುಗುರಿ ಜೇಬಿನಿಂದ ಮಡಚಿದ ಕಾಗದ ತೆಗೆದ. ಶಿಸ್ತು ಸಮಿತಿಯ ನಮೂನೆ. ಶಿಕ್ಷೆಯಲ್ಲಿರುವ ಆಟಗಾರನಿಗೆ ಒಬ್ಬ ಹೊಣೆಗಾರರು ಬೇಕು. ಹೋದ ಎರಡು ಸಲವೂ ಆ ಜಾಗ ಖಾಲಿ ಬಿಟ್ಟಿದ್ದಕ್ಕೆ ಮ್ಯಾನೇಜರೇ ಗೊಣಗುತ್ತಾ ಸಹಿ ಹಾಕಿದ್ದರು. ಈ ಸಲ ಅಲ್ಲಿ ಸೋಪಕ್ಕನ ಹೆಸರಿತ್ತು. ಪಕ್ಕದಲ್ಲಿ ‘ಆಟಗಾರನಿಗೆ ಏನಾಗಬೇಕು?’ ಎಂಬ ಸಾಲು. ಅದರಲ್ಲಿ ಬುಗುರಿ ತನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬರೆದಿದ್ದ: ‘ಬೈಯುವವರು.’

ಅವಳಿಗೆ ಅಳು ಬಂತು. ಅತ್ತಳು, ಮುಚ್ಚಿಟ್ಟುಕೊಳ್ಳಲೂ ಇಲ್ಲ. ಕಣ್ಣೊರೆಸಿಕೊಂಡು ಪೆನ್ನು ಇಸಿದುಕೊಂಡು ಸಹಿ ಹಾಕಿದಳು.

“ಇದನ್ನ ಜೇಬಲ್ಲೇ ಇಟ್ಕೊಂಡು ಒಗೆಯೋಕೆ ಹಾಕ್ಬೇಡ” ಎಂದಳು. “ಈಗ ಹೋಗಿ ಆ ಹೂಕುಂಡದ ಚೂರು ಎತ್ತಿ ಬಾ.”

ಅವನು ಎದ್ದು ಹೋದ.