ಮೂರನೆಯ ಉಸಿರು

೧

ಈ ಕಥೆಯನ್ನು ನೀರಿನೊಳಗಿಂದ ಶುರು ಮಾಡಬೇಕೋ, ಮೇಜಿನ ಮುಂದಿನಿಂದಲೋ? ಮೊದಲ ಕರಡು ಹೀಗಿತ್ತು: "ಎಂಟುನೂರು ಮೀಟರ್ ಆಳದಲ್ಲಿ, ಎಲ್ಲರೂ ಬಿಟ್ಟುಹೋದ ಪ್ರಯೋಗಾಲಯದಲ್ಲಿ, ಅವಳೊಬ್ಬಳೇ ಎಚ್ಚರಗೊಂಡಳು." ಹರಿದು ಹಾಕಿದೆ. (ಅಷ್ಟು ಆಳದಲ್ಲಿ ಒತ್ತಡ ಮೇಲಿನದರ ಎಂಬತ್ತೊಂದು ಪಟ್ಟು. ಕಿಟಕಿಯ ಗಾಜು ಎಷ್ಟು ದಪ್ಪವಿರಬೇಕೆಂದು ಎರಡು ದಿನ ಲೆಕ್ಕ ಹಾಕುತ್ತಾ ಕೂತೆ. ಕಥೆ ಒಂದು ಸಾಲೂ ಮುಂದೆ ಹೋಗಲಿಲ್ಲ.)

ಮೇಜಿನಿಂದಲೇ ಆಗಲಿ. ಆ ಪ್ರಯೋಗಾಲಯ ಇರುವುದು ಒಂದು ವಿಡಿಯೋ ಗೇಮಿನಲ್ಲಿ. ಆಡುವವರು ಅಲ್ಲಿಂದ ಜೀವಸಹಿತ ಹೊರಬೀಳಬೇಕು. ನಮ್ಮವಳು ಅದಕ್ಕೆ ಸದ್ದು ಮಾಡುವವಳು: ಕಬ್ಬಿಣದ ಬಾಗಿಲ ಕಿರ್ರು, ತೊಟ್ಟಿಕ್ಕುವ ನೀರು, ಉಸಿರು. ಮತ್ತು ಮಾವ.

೨

ಮಾವ ಎಂದರೆ ಕೊನೆಯ ಕೋಣೆಯ ರಾಕ್ಷಸ. ತನ್ನ ಸೋದರಮಾವನ ಗೊರಕೆಯನ್ನು ಕದ್ದು ರೆಕಾರ್ಡ್ ಮಾಡಿ, ಆರು ಪಟ್ಟು ನಿಧಾನಿಸಿ, ಪ್ಲಾಸ್ಟಿಕ್ ಸುತ್ತಿದ ಸ್ಪೀಕರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಅವಳು ಹಿಡಿದ ಸದ್ದು. ಎಂಟು ತಿಂಗಳ ಕೆಲಸ.

ಆದರೆ ಯಾರೂ ಹೆದರುತ್ತಿಲ್ಲ. ಆಡಿ ನೋಡಲು ಕರೆಸಿದ ಮೂವತ್ತು ಜನರೂ ಆಕಳಿಸಿದರು. ತಂಡದ ಮುಖ್ಯಸ್ಥೆ (ಎಲ್ಲರಿಗೂ ಅಕ್ಕ) ಬೆಳಿಗ್ಗೆಯೇ ಹೇಳಿದ್ದಳು: "ಒಬ್ಬ ಮಾವ ಸಾಲಲ್ಲ ಕಣೇ. ಮೂರು ಜನ ಮಾವಂದಿರನ್ನ ಬಿಡೋಣ. ನಾಲ್ಕು ಗಂಟೆ ಮೀಟಿಂಗಲ್ಲಿ ಫೈನಲ್ ಮಾಡ್ತೀನಿ."

ನಮ್ಮವಳಿಗೆ ಒಳಗೊಳಗೇ ಹಿಗ್ಗು. ಆಫೀಸಿನಲ್ಲಿ ಅವಳ ಕೆಲಸವನ್ನು ಯಾರಾದರೂ 'ಇನ್ನಷ್ಟು ಬೇಕು' ಎಂದದ್ದು ಅದೇ ಮೊದಲು.

೩

ಊಟ ಮುಗಿಸಿ, ಆ ಮೂವತ್ತು ಜನ ಆಡಿದ್ದರ ರೆಕಾರ್ಡಿಂಗ್ ಹಾಕಿಕೊಂಡು, ಮಾವನ ತಮ್ಮಂದಿರನ್ನು ಎಲ್ಲೆಲ್ಲಿ ಕೂರಿಸುವುದೆಂದು ಹುಡುಕತೊಡಗಿದಳು.

(ಇಲ್ಲೊಂದು ಹೆಣ ಬೀಳಿಸಬೇಕೆಂದಿದ್ದೆ. ಅವಳು ಒಪ್ಪಲಿಲ್ಲ: "ನಮ್ಮಾಫೀಸಲ್ಲಿ ಹೆಣ ಯಾಕ್ರೀ ಬೀಳತ್ತೆ? ಸುಮ್ನೆ ಕೆಲಸ ಮಾಡೋಕೆ ಬಿಡಿ." ಬಿಟ್ಟೆ.)

ಉಸಿರಿಗೆ ಅವಳು ಮೂರು ಸದ್ದು ಮಾಡಿದ್ದಳು. ಆಡುವವರ ಬೆನ್ನಿನ ಗಾಳಿ ಸಿಲಿಂಡರ್ ತುಂಬಿದ್ದಾಗ ಒಂದು, ಅರ್ಧವಾದಾಗ ಒಂದು, ಗಾಳಿ ಮುಗಿಯುತ್ತಾ ಬಂದಾಗ ಒಂದು. ಮೂವತ್ತು ರೆಕಾರ್ಡಿಂಗಿನಲ್ಲೂ ಮೊದಲನೆಯದೇ. ಮೂರನೆಯದು ಒಮ್ಮೆಯೂ ಕೇಳಲಿಲ್ಲ.

ಪಕ್ಕದ ಮೇಜಿನವನು ಕೋಡ್ ಬರೆಯುವ 'ಕನ್ನಡಕ'.

"ಲೋ, ಗಾಳಿ ಖಾಲಿ ಆಗ್ತಾನೇ ಇಲ್ವಲ್ಲೋ?"

"ಬಾಗಿಲು ಟೆಸ್ಟ್ ಮಾಡುವಾಗ ಪದೇ ಪದೇ ಸಾಯ್ತಿದ್ದೆ. ಅದಕ್ಕೇ ಆಫ್ ಮಾಡಿದ್ದೆ." ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದ. "ಆಮೇಲೆ... ಆನ್ ಮಾಡಿದ್ನಾ?"

"ನನ್ನ ಕೇಳ್ತೀಯಾ!"

ಅವನು ಒಂದು ಸಾಲು ಬದಲಿಸಿದ. ಅವಳು ಹೆಡ್‌ಫೋನ್ ಹಾಕಿಕೊಂಡು ಆಡಿದಳು. ಒಂದೊಂದು ಬಾಗಿಲೂ ಗೊತ್ತಿದ್ದವಳು ಐದನೇ ಓಣಿಯಲ್ಲಿ ಸತ್ತಳು. ಅಂಗೈ ಒದ್ದೆ. ಮಾವನ ಕೋಣೆ ಇನ್ನೂ ದೂರವಿತ್ತು. ಹೆದರಲು ಮಾವ ಬೇಕಾಗಿಯೇ ಇರಲಿಲ್ಲ.

"ಅಕ್ಕಂಗೆ ಹೇಳ್ಬೇಡ ಕಣೇ, ನನ್ನ ತಿಂದ್ಹಾಕ್ತಾಳೆ," ಎಂದ ಕನ್ನಡಕ. "ನಿಂಗೂ ಒಳ್ಳೇದೇ ಅಲ್ವಾ? ಮೂರು ಜನ ಮಾವಂದಿರು!"

೪, ಮತ್ತು ಇನ್ನೊಂದು ೪

ಒಂದು ಮುಕ್ತಾಯ: ಅವಳು ಬಾಯಿ ಮುಚ್ಚಿಕೊಂಡಳು. ಮೂವರು ಮಾವಂದಿರು ಗೊರಕೆ ಹೊಡೆದರು, ಕೇಳಿದವರಿಗೂ ನಿದ್ದೆ ಹತ್ತಿತು.

ಇನ್ನೊಂದು: ಹೇಳಿಬಿಟ್ಟಳು. ಎಂಟು ತಿಂಗಳ ಮಾವ ಕಸದ ಬುಟ್ಟಿಗೆ. ನೀವೂ ನಾನೂ ಅವಳ ಪ್ರಾಮಾಣಿಕತೆಗೆ ತಲೆದೂಗಿ ಮನೆಗೆ ಹೋದೆವು.

ಎರಡನ್ನೂ ಅವಳಿಗೇ ಓದಿ ಹೇಳಿದೆ.

"ಒಂದರಲ್ಲಿ ಸುಮ್ನಿರ್ತೀನಿ, ಇನ್ನೊಂದರಲ್ಲಿ ಭಾಷಣ ಮಾಡ್ತೀನಿ," ಎಂದಳು. "ನನ್ನ ಕೆಲಸ ಹೇಳೋದಲ್ಲ ಸ್ವಾಮಿ, ಕೇಳಿಸೋದು."

೫

ನಾಲ್ಕು ಗಂಟೆ. ಮೀಟಿಂಗ್ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಹೆಡ್‌ಫೋನನ್ನು ತಾನೇ ಅಕ್ಕನ ತಲೆಗೇರಿಸಿದಳು.

"ಆಡಕ್ಕ. ಆಮೇಲೆ ಎಷ್ಟು ಜನ ಮಾವಂದಿರು ಬೇಕು ಅಂತ ಹೇಳು. ಒಬ್ಬನೂ ಬೇಡ ಅಂದ್ರೂ ಸರಿ."

ಅಕ್ಕ ನಕ್ಕಳು. ಮೂರನೇ ಓಣಿಯಲ್ಲಿ ನಗು ನಿಂತಿತು. ಆದರೂ ಗಟ್ಟಿಗಿತ್ತಿ, ಕೊನೆಯ ಬಾಗಿಲ ತನಕ ಬಂದಳು. ಹಿಂದೆ ಹೋಗಲು ಗಾಳಿಯಿಲ್ಲ. ಹನ್ನೊಂದು ಸೆಕೆಂಡಿನಷ್ಟು ಉಳಿದಿದೆ. ಬಾಗಿಲಾಚೆ ತುಂಬಿದ ಸಿಲಿಂಡರ್ ಇದೆ. ಅದರ ಪಕ್ಕದಲ್ಲೇ ಯಾರೋ ಗೊರಕೆ ಹೊಡೆಯುತ್ತಿದ್ದಾರೆ.

(ಇದು ನನಗೂ ಹೊಳೆದಿರಲಿಲ್ಲ. ಗಾಳಿ ಮುಗಿಯುವವರೆಗೆ ಮಾವನ ಗೊರಕೆ ಬರೀ ಗೊರಕೆಯಾಗಿತ್ತು.)

ಅಕ್ಕ ಬಾಗಿಲು ತೆರೆಯುತ್ತಾಳೋ, ಮಾವ ಉಳಿಯುತ್ತಾನೋ, ನಾನು ಬರೆಯುವುದಿಲ್ಲ. ಎರಡು ಸಲ ಬರೆದು ಅಳಿಸಿದ್ದೇನೆ. ನಮ್ಮವಳಂತೂ ಪರದೆಯತ್ತ ನೋಡುತ್ತಲೂ ಇಲ್ಲ. ಅವಳು ನೋಡುತ್ತಿರುವುದು ಅಕ್ಕನ ಎದೆಯನ್ನು. ಏರಿದ್ದು ಇನ್ನೂ ಇಳಿದಿಲ್ಲ.