ಅಟ್ಟ, ಹಿತ್ತಲು, ಬಾಗಿಲು

“ಒತ್ತು ಅಪ್ಪ. ಈಗ ಒತ್ತು.”

ಅವನು ಒತ್ತಿದ, ತಡವಾಗಿತ್ತು. ಪರದೆಯ ಮೇಲಿನ ನೌಕೆ ಹಾರಾಟ ಮುಗಿಸಿ ಗ್ರಹದ ಮಗ್ಗುಲಿಗೆ ಬಂದು ನಿಂತಾಗಿತ್ತು. ಅವನು ಗುರುತು ಹಾಕಿ ಉಳಿಸಿಕೊಂಡದ್ದು ಯಾರು ಬೇಕಾದರೂ ಬಂದುಹೋಗುವ ಬಸ್‌ ನಿಲ್ದಾಣದಂಥ ಜಾಗವನ್ನು.

“ಹಾರ್ತಾ ಇರೋವಾಗ್ಲೇ ಒತ್ಬೇಕು. ಇಳಿದ್ಮೇಲೆ ಒತ್ತಿದ್ರೆ ಏನು ಬಂತು? ನಿನ್ನ ವಿಳಾಸ ನೀನೇ ಊರಿಗೆಲ್ಲ ಹಂಚಿದ ಹಾಗೆ.”

ಮಗಳ ಮಾತು ಅವನಿಗೆ ಎರಡೆರಡು ಸಲ ಕೇಳಿಸುತ್ತಿತ್ತು. ಮೊದಲು ಗೋಡೆಯ ಆಚೆಯಿಂದ, ಮಂದವಾಗಿ. ಆಮೇಲೆ, ಎಲ್ಲೋ ದೂರದ ಯಂತ್ರಕ್ಕೆ ಹೋಗಿ ಬಂದು, ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ. ಅವಳು ತನ್ನ ಕೋಣೆಯಲ್ಲಿದ್ದಳು, ಅವನು ಹಾಲ್‌ನಲ್ಲಿದ್ದ. ಎದ್ದು ಹೋಗಿ ಕದ ತಟ್ಟಿದರೆ ಮುಗಿಯಿತು. ಆದರೆ ಇಬ್ಬರೂ ಸುತ್ತಿನ ದಾರಿಯನ್ನೇ ಹಿಡಿದಿದ್ದರು.

ಭಾನುವಾರ ಮಧ್ಯಾಹ್ನ. ಹೆಂಡತಿ ಔಷಧದಂಗಡಿಯ ಕೆಲಸಕ್ಕೆ ಹೋಗಿದ್ದಳು. ಈ ಭಾನುವಾರದ ಪಾಳಿಯನ್ನು ಅವಳೇ ಕೇಳಿ ಹಾಕಿಸಿಕೊಂಡಿದ್ದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮಗಳ ಮುಚ್ಚಿದ ಕದವನ್ನು ಗಲ್ಲದಲ್ಲೇ ತೋರಿಸಿ, “ನಾನು ಬರೋಷ್ಟ್ರಲ್ಲಿ ಹೇಳಿರಿ” ಎಂದಿದ್ದಳು.

“ಹ್ಞೂಂ.”

“ಹ್ಞೂಂ ಅಂದ್ರೆ?”

“ಹೇಳ್ತೀನಿ ಅಂದೆನಲ್ಲ.”

“ನಾನು ಹೇಳಿದ್ರೆ ನಾನೇ ಓಡಿಸಿದ ಹಾಗಾಗುತ್ತೆ. ಹೋಗ್ತಿರೋರು ನೀವು. ನೀವೇ ಹೇಳಿ.”

ಹೇಳಬೇಕಾದ್ದು ಚಿಕ್ಕ ಮಾತು. ನಗರದ ಇನ್ನೊಂದು ತುದಿಯಲ್ಲಿ ಅವನೊಂದು ರೂಮು ಹಿಡಿದಿದ್ದ. ಮುಂದಿನ ವಾರದಿಂದ ಅಲ್ಲಿರುತ್ತಾನೆ. ಜಗಳವೇನೂ ಆಗಿರಲಿಲ್ಲ, ಜಗಳವಾಡುವಷ್ಟು ಸಲಿಗೆ ಗಂಡಹೆಂಡಿರ ನಡುವೆ ಉಳಿದಿರಲಿಲ್ಲ. ಮಾತನ್ನು ಬಾಯಲ್ಲಿ ಹದ ಮಾಡಿಕೊಂಡು ಅವನು ಮಗಳ ಕದ ತಟ್ಟಿದ್ದೂ ಹೌದು. ಅವಳು ಕದವನ್ನು ಮುಖದಗಲ ತೆರೆದು, “ಅಪ್ಪ, ಇವತ್ತು ನಮ್ಮ ಆಟದಲ್ಲಿ ಒಬ್ರು ಕಮ್ಮಿ. ಕಾವಲಿಗೆ ನಿಲ್ತೀಯಾ?” ಎಂದು ಕೇಳಿದಳು. ಅವನಿಗೆ ಬದುಕಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಬದುಕಿದೆ ಅನ್ನಿಸಿದ್ದು ಮೊದಲು.

ಅವನು ಇಂಜಿನಿಯರು. ದೊಡ್ಡ ಕಟ್ಟಡಗಳಿಗೆ ಬೆಂಕಿ ಬಿದ್ದರೆ ಜನ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬುದರ ನಕ್ಷೆ ಹಾಕುವುದು ಅವನ ಕೆಲಸ. ಎಲ್ಲಿ ನಿಂತರೂ ಬಾಗಿಲಿಗೆ ಅತಿ ಹತ್ತಿರದ ಗೆರೆ ಅವನ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಮದುವೆ ಮನೆಯಲ್ಲೂ, ಮಗಳ ಶಾಲೆಯ ಸಭೆಯಲ್ಲೂ ಅವನು ಕೂರುತ್ತಿದ್ದದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ. ಹೋದ ವರ್ಷ ಮನೆಯ ಮೇಜನ್ನು ಕಿಟಕಿಯಿಂದ ಈಗಿನ ಜಾಗಕ್ಕೆ ಎಳೆದದ್ದು ಬೆಳಕಿಗಾಗಿ ಎಂದು ಹೇಳಿದ್ದ. ಈ ಜಾಗಕ್ಕೆ ಬೆಳಕು ಬೀಳುತ್ತಿರಲಿಲ್ಲ.

ಆಟ ಅವನಿಗೆ ಅರ್ಥವಾದದ್ದು ಇಷ್ಟು. ಕೋಟ್ಯಂತರ ಮೈಲಿ ಕತ್ತಲೆ. ನೌಕೆ ಕಂಡಕಂಡಲ್ಲಿಗೆ ಜಿಗಿಯಲಾರದು. ಗ್ರಹಗಳಿಗೆ, ನಿಲ್ದಾಣಕ್ಕೆ, ಆಚೆಯ ಲೋಕಕ್ಕೆ ದಾಟುವ ದ್ವಾರಕ್ಕೆ ಮಾತ್ರ ಜಿಗಿಯಬಹುದು. ಅವು ಎಲ್ಲರಿಗೂ ಗೊತ್ತಿರುವ ಜಾಗಗಳಾದ್ದರಿಂದ ಹಗೆಗಳು ಅಲ್ಲೇ ಹೊಂಚು ಹಾಕಿರುತ್ತಾರೆ. ಇಲ್ಲವೇ ನೀನೇ ಮೊದಲು ಗುರುತು ಹಾಕಿಟ್ಟುಕೊಂಡ ಜಾಗಕ್ಕೆ ಜಿಗಿಯಬಹುದು. ಅದು ನಿನ್ನೊಬ್ಬನದೇ, ನೀನಾಗಿ ಕೊಟ್ಟವರಿಗಷ್ಟೇ ಸಿಗುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಏನೂ ಇಲ್ಲದಿರುವುದೇ ಅದರ ಬೆಲೆ.

ಮಗಳ ಬಳಿ ಅಂಥವು ರಾಶಿ ಇದ್ದವು. ಎಲ್ಲಕ್ಕೂ ಮನೆಯ ಹೆಸರು. ದ್ವಾರದ ನೆತ್ತಿಯ ಮೇಲೆ, ಗುಂಡು ತಲುಪದ ಆದರೆ ಕೆಳಗಿನದೆಲ್ಲ ಕಾಣುವ ಎತ್ತರದಲ್ಲಿ ಒಂದು: ಅದು ಅಟ್ಟ. ಯಾವ ದಾರಿಯ ಮೇಲೂ ಬೀಳದ ಮೂಲೆಯಲ್ಲಿ ಒಂದು: ಹಿತ್ತಲು. ನಿಲ್ದಾಣದ ಬಾಯಿಗೆ ನೇರ ಎದುರಾಗಿ ಬಹುದೂರದಲ್ಲಿ ಇನ್ನೊಂದು: ಬಾಗಿಲು. ಹೊರಬೀಳುವ ನೌಕೆಯ ಮೂತಿ ಮೊದಲೇ ಆ ಕಡೆಗಿರುತ್ತದೆ. ತಿರುಗುವಷ್ಟರಲ್ಲಿ ಸಾಯುವ ಭಾರದ ನೌಕೆ ತಿರುಗುವ ಗೋಜೇ ಇಲ್ಲದೆ ಮಾಯವಾಗುತ್ತದೆ. ಅವರ ಫ್ಲಾಟಿಗೆ ಅಟ್ಟವಾಗಲಿ ಹಿತ್ತಲಾಗಲಿ ಇರಲಿಲ್ಲ. ಇಷ್ಟು ದೊಡ್ಡ ಮನೆಯನ್ನು ಅವಳು ಶೂನ್ಯದಲ್ಲಿ ಒಂಟಿಯಾಗಿ ಕಟ್ಟಿದ್ದಳು. ಕಚೇರಿಯಲ್ಲಿ ಬೇರೆಯವರ ನಕ್ಷೆಗಳಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವ ಅವನಿಗೆ ಇದರಲ್ಲಿ ಒಂದು ಗೆರೆಯನ್ನೂ ಅಳಿಸುವಂತಿರಲಿಲ್ಲ.

“ಗೂಬೆ, ನಿಮ್ಮಪ್ಪ ಎಚ್ಚರ ಇದಾರಾ?” ಎಂದು ಕೆಮ್ಮಿನ ನಡುವೆ ಒಂದು ದನಿ ಕೇಳಿತು. ತಂಡದಲ್ಲಿ ಎಲ್ಲರೂ ಅದನ್ನು ಮುದುಕ ಅನ್ನುತ್ತಿದ್ದರು. ಮಗಳು ಗೂಬೆ: ಕತ್ತಲಲ್ಲಿ ಕಣ್ಣು ಕಾಣುತ್ತದೆ ಎಂದು. ಅವಳು ಕರೆಯುವುದನ್ನು ಕೇಳಿ ಕೇಳಿ ಅವನಿಗೆ ಎಲ್ಲರೂ ಅಪ್ಪ ಎನ್ನುತ್ತಿದ್ದರು. ಮುಖ ಕಾಣದ ಅಷ್ಟೂ ಜನಕ್ಕೆ ಅವನು ಅಪ್ಪ.

“ಎಚ್ಚರ ಇದೀನಿ,” ಎಂದ ಅವನು.

“ಕಣ್ಣು ಮುಚ್ಚಬೇಡಿ ಅಪ್ಪ. ನನ್ನದು ತುಂಬು ಬಸುರಿ ಎಮ್ಮೆ. ಓಡು ಅಂದ್ರೆ ನಡೆಯುತ್ತೆ.”

ಮುದುಕನ ನೌಕೆಯಲ್ಲಿ ತಂಡ ಇಡೀ ವರ್ಷ ದುಡಿದು ಕೂಡಿಸಿದ ಸಾಮಾನಿತ್ತು. ಅದು ನಿಲ್ದಾಣದಿಂದ ಹೊರಬಿದ್ದು ದ್ವಾರ ದಾಟಬೇಕು. ಹೊರಗೆ ಹಗೆಗಳ ಹಿಂಡು.

“ಮುದುಕ, ಬಾಗಿಲಿಗೆ ಬಾ,” ಎಂದಳು ಮಗಳು. ಮನೆಯಲ್ಲಿ ಅವಳ ಇಂಥ ದನಿಯನ್ನು ಅವನು ಕೇಳಿರಲಿಲ್ಲ. ಅಲ್ಲಿ ಅಪ್ಪಣೆ ಇತ್ತು, ಅವಸರವಿರಲಿಲ್ಲ.

ಎಮ್ಮೆ ಹೊರಬಿತ್ತು. ಹಗೆಗಳು ಗುರಿ ಹಿಡಿಯುವಷ್ಟರಲ್ಲಿ ಬಾಗಿಲಿಗೆ ಜಿಗಿಯಿತು; ಅಲ್ಲಿ ಉಸಿರು ಬಿಡದೆ ಹಿತ್ತಲಿಗೆ. ಮುದುಕ ಖುಷಿಯಿಂದ ಕೆಮ್ಮಿದ. ಅಟ್ಟದಲ್ಲಿ ಕೂತ ಮಗಳು ಕೆಳಗಿನದನ್ನು ಓದಿ ಹೇಳುತ್ತಿದ್ದಳು: ದ್ವಾರದ ಬಾಯಲ್ಲಿ ಬಲೆ ಹಾಸಿದ್ದಾರೆ, ಕದಲುತ್ತಿಲ್ಲ, ಈಗ ದಾಟುವ ಹಾಗಿಲ್ಲ.

“ಅಪ್ಪ, ನೀನೆಲ್ಲಿದೀಯ?”

“ನಡುವಲ್ಲಿ. ಮತ್ತೊಂದ್ಸಲ ಹಾರ್ತಾ ಒತ್ತಿದ್ನಲ್ಲ, ಸರಿಯಾಗಿ ಬಂತು. ಅಲ್ಲೇ ನಿಂತಿದೀನಿ.”

“ಯಾವುದರ ನಡುವೆ?”

“ನಿಲ್ದಾಣ, ದ್ವಾರ. ಎರಡರ ನಡುವೆ.”

ಗೋಡೆಯ ಆಚೆ ಕುರ್ಚಿ ಕಿರುಗುಟ್ಟಿತು. “ಅದು ನೇರ ದಾರಿ ಅಪ್ಪ. ಅಲ್ಲಿಂದಿಲ್ಲಿಗೆ ಹೋಗೋರೆಲ್ಲ ನಿನ್ನ ತಲೆ ಮೇಲೇ ಹೋಗೋದು. ಗೆರೆ ಬಿಟ್ಟು ಅಡ್ಡ ಹೋಗಿ ಅಡಗ್ಬೇಕು.”

ಇಷ್ಟು ವರ್ಷ ಜನರಿಗೆ ಅತಿ ಹತ್ತಿರದ ದಾರಿ ತೋರಿಸಿ ಬದುಕಿದವನು, ಅಡಗುವಾಗಲೂ ಹತ್ತಿರದ ದಾರಿಯ ಮೇಲೆಯೇ ಅಡಗಿದ್ದ.

“ನಿನ್ನ ವಾಸನೆ ಹಿಡಿದಿದಾರೆ,” ಎಂದಳು ಮಗಳು. “ದ್ವಾರದಿಂದ ಮೂತಿ ತಿರುಗಿಸ್ತಿದಾರೆ.”

“ಓಡಲಾ?”

“ಬೇಡ.” ಅದೇ ಗಳಿಗೆಯಲ್ಲಿ ಅವಳು ಮನಸ್ಸಿನಲ್ಲೇ ಎಲ್ಲವನ್ನೂ ಎತ್ತಿ ಬೇರೆ ಕಡೆ ಜೋಡಿಸಿದಳು. ಅವನಿಗೆ ಅದು ಕಣ್ಣಿಗೆ ಕಂಡಷ್ಟು ಸ್ಪಷ್ಟವಾಗಿ ತಿಳಿಯಿತು. “ಅಲ್ಲೇ ಇರು. ನಾನು ಹೇಳೋವರೆಗೂ ಕದಲ್ಬೇಡ. ಮುದುಕ, ಎಮ್ಮೆ ತಯಾರಿಟ್ಕೋ.”

ಅವನ ತಪ್ಪನ್ನು ಅವಳು ಬೈಯಲಿಲ್ಲ, ತಿದ್ದಲಿಲ್ಲ. ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟಳು. ಹಿಂಡು ಅವನ ಮೇಲೆ ಬಂದು ಬಿತ್ತು. ಪರದೆ ಕೆಂಪಾಯಿತು. ಅವನು ಕದಲಲಿಲ್ಲ. ಕದಲಬೇಡ ಎಂದು ಅವನಿಗೆ ಯಾರಾದರೂ ಹೇಳಿ ಎಷ್ಟೋ ಕಾಲವಾಗಿತ್ತು.

“ಮುದುಕ, ದಾಟು.”

ಎಮ್ಮೆ ಹಿತ್ತಲಿನಿಂದ ದ್ವಾರಕ್ಕೆ ಬಂತು; ಬಲೆ ಕಾಯುವವರು ಯಾರೂ ಇಲ್ಲದ ದ್ವಾರವನ್ನು ತನ್ನ ನಡಿಗೆಯಲ್ಲೇ ದಾಟಿತು. ಹೆಡ್‌ಫೋನಿನ ತುಂಬ ಕೇಕೆ. “ಗೂಬೆ, ನಿನ್ನ ಕಾಲಿಗೆ ಬಿದ್ದೆ,” ಎಂದಿತು ಮುದುಕನ ದನಿ. “ಅಪ್ಪ, ಇದನ್ನ ಏನು ಹಾಕಿ ಬೆಳೆಸಿದ್ರಿ?”

ಅವನ ಎದೆ ಉಬ್ಬಿತು. ಏನೂ ಹಾಕಿರಲಿಲ್ಲವಲ್ಲ ಎಂಬುದು ಆಮೇಲೆ ನೆನಪಾಯಿತು.

“ಎಲ್ಲರೂ ಅಟ್ಟಕ್ಕೆ ಹತ್ತಿ,” ಎಂದಳು ಮಗಳು. “ಅಪ್ಪ, ನೀನು ನಿನ್ನ ರೂಮಿಗೆ.”

ಅವನ ಬೆರಳು ನಿಂತಿತು. “ಯಾವ ರೂಮು?”

“ಕಳಿಸಿದೀನಿ, ನೋಡು. ಬೇಗ ಹೋಗು, ಸಾಯ್ತೀಯ.”

ಪರದೆಯ ಮೂಲೆಯಲ್ಲಿ ಹೊಸದೊಂದು ಗುರುತು ಬಂದಿತ್ತು. ಅಪ್ಪನ ರೂಮು. ಒತ್ತಿದ. ನೌಕೆ ಗಾಯಗಳೊಂದಿಗೆ ಜಿಗಿದು, ಬಹಳ ಹೊತ್ತು ಹಾರಿ, ನಿಂತಿತು. ಸುತ್ತ ಏನೂ ಇರಲಿಲ್ಲ. ಸೂರ್ಯ ಒಂದು ಚುಕ್ಕೆ. ಯಾವ ಗೆರೆಯೂ ಅತ್ತ ಹಾಯುತ್ತಿರಲಿಲ್ಲ. ಯಾರೂ ಎಂದೂ ಹುಡುಕಿ ಬರಲಾರದಷ್ಟು ಚೆನ್ನಾದ ಜಾಗ. ಅವನು ಮನಸಾರೆ ಮೆಚ್ಚಿದ.

ಸ್ವಲ್ಪ ಹೊತ್ತಿಗೆ ಅವಳ ನೌಕೆಯೂ ಬಂದು ಪಕ್ಕದಲ್ಲಿ ನಿಂತಿತು. ಉಳಿದವರ ದನಿಗಳನ್ನು ಅವಳು ಮುಚ್ಚಿದ್ದಳು.

“ಎಲ್ಲಿ ಬರುತ್ತೆ ಇದು?” ಎಂದ.

“ಅಟ್ಟದಿಂದ ಹಿತ್ತಲಿಗೆ ಹಾರ್ತಾ, ನಡುವಲ್ಲಿ ಒತ್ತಿದ್ದು. ಎರಡೂ ಹೊರಗಿನವ್ರಿಗೆ ಗೊತ್ತಿಲ್ಲ. ನಡುವಿನದು ಹೇಗೆ ಗೊತ್ತಾಗುತ್ತೆ?”

“ಯಾವಾಗ ಮಾಡ್ದೆ?”

“ನೀನು ಹೊಸ ದಿಂಬು ತಂದ್ಯಲ್ಲ. ಒಂದೇ ಒಂದು. ಮೇಲೆ ತರದೆ ಕಾರಲ್ಲೇ ಇಟ್ಟಿದ್ಯಲ್ಲ, ಆವಾಗ.”

ಅವನು ಬಾಯಿ ತೆರೆದ. ಹದ ಮಾಡಿಟ್ಟ ಮಾತು ಅಲ್ಲಿರಲಿಲ್ಲ.

“ಮರಿ, ನಾನು ನಿನಗೆ...”

“ಇಲ್ಲಿ ಬೇಡ ಅಪ್ಪ.” ಈ ಸಲ ಗೋಡೆಯಿಂದ ಕೇಳಿಸಲಿಲ್ಲ, ಹೆಡ್‌ಫೋನಿನಲ್ಲಷ್ಟೇ, ಅಷ್ಟು ಮೆಲ್ಲಗೆ ಹೇಳಿದ್ದಳು. “ಇದು ಅಡಗೋ ಜಾಗ. ನಾನು ಆಫ್ ಮಾಡ್ತೀನಿ. ಚೆನ್ನಾಗಿ ನಿಂತೆ ಇವತ್ತು.”

ಆಟ ಬಿಟ್ಟವರ ನೌಕೆ ತಕ್ಷಣ ಮಾಯವಾಗುವುದಿಲ್ಲ. ಕೆಲ ಹೊತ್ತು ಅಲ್ಲೇ ಇದ್ದು, ಆಮೇಲೆ ಆವಿಯ ಹಾಗೆ ಹೋಗುತ್ತದೆ. ಅವನು ನೋಡುತ್ತ ಕೂತ. ಅವಳದು ಹೋಯಿತು. ಅವನದೊಂದು ಉಳಿಯಿತು. ಗೋಡೆಯ ಆಚೆ ಕದ ತೆರೆದೀತೆಂದು ಕಾದ. ತೆರೆಯಲಿಲ್ಲ.

ತೆರೆದದ್ದು ಹೊರಬಾಗಿಲು. ಹೆಂಡತಿ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಬೀಗದ ಕೈ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಹೇಳಿದ್ರಾ?”

ಅವಳತ್ತ ತಿರುಗಬೇಕೆಂದುಕೊಂಡ. ತಿರುಗುವ ಅಗತ್ಯವೇ ಇರಲಿಲ್ಲ. ಪರದೆಯ ಮೇಲಂಚಿನಾಚೆ, ಕುರ್ಚಿಯಿಂದ ಹೊಸ್ತಿಲಿಗೆ ಒಂದೇ ಗೆರೆ. ನಡುವೆ ಟೀಪಾಯಿ ಇಲ್ಲ, ಸೋಫಾ ಇಲ್ಲ, ಚಪ್ಪಲಿಯ ಗೂಡನ್ನೂ ಯಾರೋ ಪಕ್ಕಕ್ಕೆ ಸರಿಸಿದ್ದರು. ಯಾರೋ ಅಲ್ಲ, ತಾನೇ. ಅವನ ಮುಖ ಹೋದ ವರ್ಷದಿಂದಲೂ ಅತ್ತಲೇ ಇತ್ತು.

ಹೆಂಡತಿ ಬಾಗಿಲು ಹಾಕಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಬೆನ್ನ ಹಿಂದೆ, ತಾನಾಗಿ ಆರುವ ಮೆಟ್ಟಿಲ ದೀಪ ಆರಿತು.