ನೂರಾ ಹದಿನೆಂಟು

ಮಲಪನಗುಡಿಯ ವಿರುಪಮ್ಮನ ಮನೆಯ ಗೋಡೆಯಲ್ಲಿ ಮೂರು ಮೊಳೆಗಳಿದ್ದವು. ಒಂದಕ್ಕೆ ಹಂಪಿಯ ವಿರೂಪಾಕ್ಷನ ಫೋಟೋ, ಇನ್ನೊಂದಕ್ಕೆ ತೀರಿಹೋದ ಗಂಡನ ಫೋಟೋ. ಮೂರನೆಯದಕ್ಕೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದೇ ಒಂದು ಕಾಗದ. ಮನೆಗೆ ಯಾರೇ ಬರಲಿ, ನೀರು ಕೊಟ್ಟು ಕೂರಿಸಿದ ಮೇಲೆ ವಿರುಪಮ್ಮ ಆ ಚೀಲ ಇಳಿಸುತ್ತಿದ್ದಳು. "ನೋಡ್ರಿ, ನನ್ನ ಮಗಂದು. ನೂರಕ್ಕ ನೂರಾ ಹದಿನೆಂಟು ಬಂದೈತಿ."

ಅದು ಪರೀಕ್ಷೆಯ ಅಂಕವಲ್ಲ, ಉಸಿರಿನ ಅಳತೆ. ಮಗ ಹೊನ್ನೂರುಸ್ವಾಮಿ ಸಂಡೂರಿನ ಕಡೆ ಅದಿರು ಪುಡಿಮಾಡುವ ಕ್ರಷರ್‌ನಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಮ್ಮೆ ಅಲ್ಲಿಗೆ ಮೆಡಿಕಲ್ ವ್ಯಾನ್ ಬರುತ್ತಿತ್ತು. ಮಷಿನ್ನಿನ ಕೊಳವೆಗೆ ಬಾಯಿಟ್ಟು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಊದಬೇಕು. ಎಂಬತ್ತಕ್ಕಿಂತ ಕಡಿಮೆ ಬಂದವನನ್ನು ಮರುದಿನ ಗೇಟಿನೊಳಕ್ಕೆ ಬಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಹೊನ್ನೂರನಿಗೆ ನೂರಾ ಹದಿನೆಂಟು ಬಂದಿತ್ತು. ಸಾಕ್ಷರತಾ ತರಗತಿಯಲ್ಲಿ ಕಲಿತ ಅಕ್ಷರ ವಿರುಪಮ್ಮನಿಗೆ ಅರ್ಧಂಬರ್ಧ ಮರೆತಿತ್ತು. ಅಂಕಿ ಮಾತ್ರ ಮರೆತಿರಲಿಲ್ಲ. ದಿನಾ ಬಾಳೆ ಎಲೆ ಕೊಯ್ದು, ಎಣಿಸಿ, ಕಟ್ಟು ಕಟ್ಟುವವಳು ಅಂಕಿ ಮರೆಯುವುದುಂಟೇ?

ಆ ನೂರಾ ಹದಿನೆಂಟರ ಮಗ ಈಗ ಹೊರಸಿನ ಮೇಲೆ ಎರಡು ದಿಂಬಿಗೆ ಒರಗಿ ಕೂತಿರುತ್ತಿದ್ದ. ಅಂಗಾತ ಮಲಗಿದರೆ ಉಸಿರು ಹಿಡಿದುಕೊಳ್ಳುತ್ತಿತ್ತು. ಬಚ್ಚಲಿಗೆ ಹೋಗಲು ಹತ್ತು ಹೆಜ್ಜೆ, ನಡುವೆ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದ. ವಯಸ್ಸು ಇಪ್ಪತ್ತಾರು.

ಹೊತ್ತು ಹೋಗಲೆಂದು ಅವನಿಗಿದ್ದದ್ದು ಒಂದು ಚೈನಾ ಸೆಟ್ ಮೊಬೈಲು, ಅದರಲ್ಲೊಂದು ಆಟ. ಹೊಸಪೇಟೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ಹಾಕಿಕೊಟ್ಟಿದ್ದ. ಕಾಡು ಮೇಡು ತಿರುಗಿ ವಿಚಿತ್ರ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಒಂದರ ಮೇಲೊಂದು ಕಾದಾಡಿಸುವ ಆಟ. ಕ್ರಷರ್‌ನಲ್ಲಿ ಎಲ್ಲರೂ ಅದಕ್ಕೆ ಮರಿ ಆಟ ಎನ್ನುತ್ತಿದ್ದರು. ಹೊನ್ನೂರನ ಬಳಿ ಕರಡಿಯಂಥ ಒಂದು ಮರಿ ಇತ್ತು. ಹತ್ತಿರದ ದರೋಜಿಯ ಕರಡಿ ಕಾಡಿನ ನೆನಪಿಗೆ ಅದಕ್ಕೂ ದರೋಜಿ ಎಂದೇ ಹೆಸರಿಟ್ಟಿದ್ದ.

ಅವತ್ತು ಬೆಳಿಗ್ಗೆ ವಿರುಪಮ್ಮ ಎಲೆ ಕಟ್ಟುಗಳನ್ನು ಮಾರ್ಕೆಟ್ಟಿನ ಆಟೋಕ್ಕೆ ಏರಿಸಿ ಬಂದು, ಗಂಜಿಯ ಬಟ್ಟಲು ಹಿಡಿದು ಮಗನ ಪಕ್ಕ ಕೂತಳು. ಅವನು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ಅದರ ತಲಿ ಮ್ಯಾಲ ಎಂಟ್ನೂರಾ ಹತ್ತು ಅಂತ ಐತಲ್ಲ, ಏನದು?"

"ಅದರ ತಾಕತ್ತು ಯವ್ವ."

"ಯಾರು ಅಳದ್ರು?"

ಹೊನ್ನೂರ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು, ಅದು ನಿಲ್ಲುವತನಕ ಅವಳು ಬೆನ್ನು ಸವರಿದಳು. ಆಮೇಲೆ ಅವನು ನಿಧಾನವಾಗಿ ಬಿಡಿಸಿ ಹೇಳಿದ. "ಒಂದೊಂದು ಜಾತಿಗೆ ಒಂದೊಂದು ಅಂಕಿ ಇರ್ತೈತಿ. ಕರಡಿ ಜಾತಿಗೆ ಎಪ್ಪತ್ತು."

"ಅಲ್ಲೂ ಜಾತಿ ಬಿಟ್ಟಿಲ್ಲೇನು?"

"ಕೇಳಿಲ್ಲಿ. ಹುಟ್ಟುವಾಗ ಒಂದು ಅಂಕಿ ಬರ್ತೈತಿ, ಸೊನ್ನಿಯಿಂದ ಹದಿನೈದರ ತನಕ. ಅದನ್ನ ಆಟ ತೋರ್ಸಂಗಿಲ್ಲ. ಎರಡನ್ನೂ ಕೂಡ್ಸಬೇಕು. ಆಮ್ಯಾಲ ಮರಿ ಎಷ್ಟನೇ ಮೆಟ್ಲು ಹತ್ತೇತಿ ನೋಡಿ ಅದರಿಂದ ಗುಣಿಸ್ಬೇಕು. ನನ್ನ ದರೋಜಿ ಹತ್ತನೇ ಮೆಟ್ಲು. ಎಂಟ್ನೂರಾ ಹತ್ತು ಬಂದೈತಿ ಅಂದ್ರ ಹುಟ್ಟಿದ ಅಂಕಿ ಎಷ್ಟು ಹೇಳು?"

ವಿರುಪಮ್ಮ ಬಟ್ಟಲು ಕೆಳಗಿಟ್ಟು ಬೆರಳು ಮಡಿಸಿದಳು. ಹತ್ತರಿಂದ ಭಾಗಿಸಿದರೆ ಎಂಬತ್ತೊಂದು. ಎಪ್ಪತ್ತು ತೆಗೆದರೆ... "ಹನ್ನೊಂದು."

"ಶಾಣ್ಯಾಕಿ ಆಗೀದಿ ಯವ್ವ! ಕ್ರಷರ್‌ನಾಗ ಯಾರಿಗೂ ಬಗೆಹರೀಲಿಲ್ಲ ಇದು."

"ಚಲೋ ತಿನ್ನಿಸಿದ್ರ ಆ ಹನ್ನೊಂದು ಹದಿನೈದಾಗಂಗಿಲ್ಲೇನು?"

"ಇಲ್ಲ. ಹುಟ್ಟಿದ್ದು ಹುಟ್ಟಿದಂಗ. ಏನು ಮಾಡಿದ್ರೂ ಬದಲಾಗಂಗಿಲ್ಲ."

ಪರದೆಯ ಮೇಲೆ ದರೋಜಿ ಯಾವುದೋ ಹಲ್ಲಿಯಂಥ ಮರಿಯಿಂದ ಏಟು ತಿಂದು ಮಗ್ಗುಲಾಗಿ ಬಿದ್ದಿತ್ತು. ಕೆಳಗೊಂದು ಕೆಂಪು ಗೆರೆ ಕೂದಲೆಳೆಯಷ್ಟು ಉಳಿದಿತ್ತು. ಅದು ಮರಿಯ ಜೀವ ಎಂದು ಅವನು ಹೇಳಿದ. ತಲೆಯ ಮೇಲೆ ಮಾತ್ರ ಎಂಟುನೂರಾ ಹತ್ತೇ ಇತ್ತು.

"ಅಯ್ಯ, ಸಾಯಾಕ ಬಂದೈತಿ, ಅಂಕಿ ಇಳಿದೇ ಇಲ್ಲ!"

"ಅದು ಇಳಿಯಂಗಿಲ್ಲ ಯವ್ವ. ಅದು ತಾಕತ್ತು. ಜೀವದ ಲೆಕ್ಕ ಬ್ಯಾರೆ."

ವಿರುಪಮ್ಮನಿಗೆ ಇದು ಹಿಡಿಸಲಿಲ್ಲ. ಆದರೂ ಮಗ ಇಷ್ಟು ಮಾತಾಡಿ ವಾರವಾಗಿತ್ತು, ಮಾತು ಮುಗಿಯುವುದು ಬೇಡವಾಗಿತ್ತು. "ಹಂಗಾದ್ರ ಸಾವಿರದ ಕರಡಿ ಯಾರ ಹತ್ರನೂ ಇಲ್ಲೇನು?" ಎಂದು ಕೇಳಿದಳು.

"ಹತ್ತನೇ ಮೆಟ್ಲದಾಗ ಸಾಧ್ಯನೇ ಇಲ್ಲ. ಎಪ್ಪತ್ತು, ಹದಿನೈದು, ಎಂಬತ್ತೈದು. ಎಂಟ್ನೂರಾ ಐವತ್ತು ಅಂದ್ರ ತುದಿ. ಅದಕ್ಕಿಂತ ಒಂದು ಹೆಚ್ಚಿದ್ರೂ ಅದು ಕಳ್ಳ ಮರಿ. ಎಲ್ಲೋ ಯಾರೋ ಕೈಯಾಡ್ಸ್ಯಾರ ಅಂತ ತಿಳಕೋಬೇಕು."

ಗಂಜಿ ಆರಿ ಕೆನೆಗಟ್ಟಿತು. ವಿರುಪಮ್ಮನ ಕಣ್ಣು ಮೂರನೆಯ ಮೊಳೆಯ ಕಡೆ ಹೋಗಿತ್ತು.

"ಹೊನ್ನೂರ, ನೂರು ಅಂದ್ರ ತುದಿ ಅಲ್ಲೇನು? ನಿನಗ ನೂರಾ ಹದಿನೆಂಟು ಹೆಂಗ ಬಂತು?"

ಮೊಬೈಲಿನ ಗುಂಡಿಗಳ ಟಕಟಕ ನಿಂತಿತು.

"ಅದು ಜಂಬಪ್ಪನ ಉಸಿರು ಯವ್ವ."

ಜಂಬಪ್ಪ ಅದೇ ಓಣಿಯವನು, ಹೊನ್ನೂರನ ಜೊತೆಗೇ ಕ್ರಷರ್ ಸೇರಿದವನು. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಹೊನ್ನೂರ ಅವನ ಭುಜಕ್ಕೆ ಬರುತ್ತಿದ್ದ. ವ್ಯಾನ್ ಬಂದ ದಿನ ಹೊನ್ನೂರನಿಗೆ ಆಗಲೇ ಎದೆ ಕಟ್ಟಿತ್ತಂತೆ. ಮಷಿನ್ ಹತ್ತಿರ ಕೂತವನು ಗೇಟ್‌ಪಾಸ್ ನೋಡಿ ವಯಸ್ಸು, ಎತ್ತರ ಬರೆದುಕೊಳ್ಳುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಹೊನ್ನೂರನ ಪಾಸ್ ಹಿಡಿದು ಜಂಬಪ್ಪ ಹೋಗಿ ಊದಿ ಬಂದ. ಅಲ್ಲಿ ಇದು ಹೊಸದಲ್ಲ. ಪಾಳಿ ಬದಲಾಯಿಸಿಕೊಂಡಂತೆ ಉಸಿರೂ ಬದಲಾಯಿಸಿಕೊಳ್ಳುತ್ತಿದ್ದರು. ಗಟ್ಟಿ ಇದ್ದವನು ಇಬ್ಬರಿಗೋ ಮೂವರಿಗೋ ಊದಿಕೊಡುತ್ತಿದ್ದ.

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಮೊದ್ಲ ದಿನನೇ ಹೇಳಬೇಕಂತ ಬಂದೆ. ನೀ ಆಗ್ಲೇ ಆಚಿಮನಿ ಸುವರ್ಣಮ್ಮಗ ತೋರ್ಸಾಕ ಹೋಗಿದ್ದಿ." ಅವನು ಉಸಿರು ತೆಗೆದುಕೊಳ್ಳಲು ನಿಂತ. "ಆಮ್ಯಾಲ ಚೀಲಕ್ಕ ಹಾಕಿ ದೇವರ ಪಕ್ಕಕ್ಕ ತೂಗಿಬಿಟ್ಟಿ. ಹೆಂಗ ಹೇಳ್ಲಿ?"

ವಿರುಪಮ್ಮ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಒಂದೊಂದಾಗಿ ಎಲ್ಲ ನೆನಪಾಗತೊಡಗಿತು. ಕೆಮ್ಮು ಹೆಚ್ಚಾದಾಗ ಹೊಸಪೇಟೆಯ ಕೊಟ್ರಯ್ಯ ಡಾಕ್ಟರ ಹತ್ತಿರ ಕರೆದೊಯ್ದವಳು ಅವಳೇ. ಡಾಕ್ಟರು ಎಕ್ಸ್‌ರೇ ನೋಡುವ ಮೊದಲೇ ಆ ಕಾಗದ ಬಿಡಿಸಿ ಮೇಜಿನ ಮೇಲಿಟ್ಟವಳೂ ಅವಳೇ. "ನೂರಾ ಹದಿನೆಂಟು ಇದ್ದವನಿಗೆ ಇಷ್ಟು ಬೇಗ ಧೂಳಿನ ರೋಗ ಬರಲ್ಲಮ್ಮ, ಇದು ಟಿಬಿ ಇರಬೇಕು" ಎಂದು ಅವರು ಆರು ತಿಂಗಳ ಗುಳಿಗೆ ಬರೆದಿದ್ದರು. ಎರಡು ತಿಂಗಳಿಗೆ ಕೆಮ್ಮು ಸ್ವಲ್ಪ ತಗ್ಗಿದಂತಾಯಿತು. ಕೆಲಸಕ್ಕೆ ಹೋಗಲೋ ಬೇಡವೋ ಎಂದು ಹೊನ್ನೂರ ಹೊಸ್ತಿಲಲ್ಲಿ ನಿಂತಿದ್ದ. ಆಗ ಅವಳು ಆಡಿದ ಮಾತು ಈಗ ಅವಳ ಕಿವಿಯಲ್ಲೇ ಕೂತಿತ್ತು: "ನೂರಾ ಹದಿನೆಂಟು ಉಸಿರಿದ್ದವನಿಗೆ ಏನಾಗ್ತೈತಿ? ಹೋಗಪ್ಪ."

ಅವನು ಹೋದ. ಮತ್ತೆ ಹತ್ತು ತಿಂಗಳು ಆ ಕೆಂಪು ಧೂಳಿನಲ್ಲಿ ನಿಂತ.

ಮರುದಿನ ಬೆಳಿಗ್ಗೆಯೇ ವಿರುಪಮ್ಮ ಮಗನನ್ನು ಆಟೋದಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಹೊರಟಳು. ಹೊನ್ನೂರ ಬೇಡವೆಂದ. "ಜಂಬಪ್ಪ ಇನ್ನೂ ಅಲ್ಲೇ ದುಡೀತಾನ, ಅವನ ಹೆಸರು ಬಂದ್ರ ಗೇಟಿನಿಂದ ಹೊರಗ ಹಾಕ್ತಾರ." ಅವಳು ಹೆಸರು ಹೇಳುವುದಿಲ್ಲ ಎಂದು ಆಣೆ ಮಾಡಿದಳು. ಅವಳ ತಲೆಯಲ್ಲಿ ಒಂದೇ ಯೋಚನೆ. ಒಂದು ಅಂಕಿ ತಪ್ಪಿದ್ದರಿಂದ ಇಡೀ ಲೆಕ್ಕ ತಪ್ಪಿದೆ. ಅದೊಂದನ್ನು ಸರಿಮಾಡಿಕೊಟ್ಟರೆ ಡಾಕ್ಟರಿಗೆ ಸರಿಯಾದ ಔಷಧಿ ಹೊಳೆಯುತ್ತದೆ. ದಾರಿಯಲ್ಲಿ ಅದಿರಿನ ಲಾರಿಗಳ ಸಾಲು ದಾಟುವಾಗ ಸೆರಗನ್ನು ಮಗನ ಮೂಗಿಗೆ ಹಿಡಿದೇ ಕೂತಿದ್ದಳು.

ಕೊಟ್ರಯ್ಯ ಡಾಕ್ಟರು ಎಲ್ಲ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರು ಊದಿದ್ದಮ್ಮ?"

"ಯಾರೋ ಒಬ್ಬಾತರೀ. ಭಾಳ ಎತ್ತರ."

ಅವರು ಒಂದು ಚೀಟಿ ಎಳೆದುಕೊಂಡು ಅವಳಿಗೆ ಕಾಣುವಂತೆ ಬರೆದರು. "ವಯಸ್ಸು, ಎತ್ತರ, ಗಂಡಸೋ ಹೆಂಗಸೋ ನೋಡಿ, ಇಂಥವನು ಇಷ್ಟು ಊದಬೇಕು ಅಂತ ಮಷಿನ್ ಮೊದಲೇ ಲೆಕ್ಕ ಹಾಕುತ್ತೆ. ನಿಮ್ಮ ಮಗನ ಎತ್ತರಕ್ಕೆ ಮೂರು ಲೀಟರು, ಮೇಲೆ ಸ್ವಲ್ಪ. ನೂರಾ ಹದಿನೆಂಟು ಅಂದ್ರೆ, ಆ ಉದ್ದನೆಯ ಮನುಷ್ಯ ಊದಿದ್ದು ಮೂರು ಮುಕ್ಕಾಲು ಚಿಲ್ಲರೆ. ಇವನ ಎತ್ತರ, ಅವನ ಗಾಳಿ. ಅದಕ್ಕೇ ನೂರು ದಾಟಿದೆ. ಕೆಲವರಿಗೆ ಹುಟ್ಟಿನಿಂದಲೇ ಎದೆ ದೊಡ್ಡದಿರುತ್ತೆ, ನೂರು ದಾಟುತ್ತೆ. ನಾನೂ ಹಂಗೇ ಅಂದ್ಕೊಂಡೆ."

ಆಮೇಲೆ ಹೊನ್ನೂರನ ಕೈಗೆ ಕೊಳವೆ ಕೊಟ್ಟರು. ಅವನು ಊದಿದ. ಮೂರು ಸಲ ಊದಿಸಿದರು, ಮೂರನೆಯ ಸಲ ಅವನು ಮೇಜು ಹಿಡಿದುಕೊಂಡ. ಬಂದದ್ದು ಇಪ್ಪತ್ತೊಂಬತ್ತು.

ಡಾಕ್ಟರು ಹೊನ್ನೂರನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದರು.

"ಈಗ ಲೆಕ್ಕ ಸರಿ ಆತಲ್ರೀ ಸಾಹೇಬ್ರ?" ಎಂದಳು ವಿರುಪಮ್ಮ. "ಈಗ ಸರಿಯಾದ ಗುಳಿಗಿ ಬರೀರಿ."

"ಗುಳಿಗೆ ಇಲ್ಲಮ್ಮ ಇದಕ್ಕೆ. ಒಳಗೆ ಹೋದ ಧೂಳು ಹೊರಗೆ ಬರಲ್ಲ. ಇನ್ನಷ್ಟು ಧೂಳು ಒಳಗೆ ಹೋಗದಂಗೆ ನೋಡ್ಕೋಬೇಕಿತ್ತು, ಅಷ್ಟೇ."

"ಅವತ್ತು ನಿಮ್ಮ ಮುಂದ ಆ ಕಾಗದ ಇಡದೇ ಇದ್ದಿದ್ರ?"

ಕೊಟ್ರಯ್ಯ ಡಾಕ್ಟರು ಕನ್ನಡಕ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಾನೂ ಅವತ್ತೇ ಒಂದ್ಸಲ ಊದಿಸಿ ನೋಡಬೇಕಿತ್ತು" ಎಂದರು. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದು ಹೊರಸಿನ ಮೇಲೆ ಒರಗಿಸಿದ ಮೇಲೆ ಹೊನ್ನೂರ ಮೊಬೈಲು ತೆಗೆದು ಆಟ ಹಚ್ಚಿದ. ವಿರುಪಮ್ಮ ಮೂರನೆಯ ಮೊಳೆಯಿಂದ ಚೀಲ ಇಳಿಸಿ ಒಲೆಯ ಪಕ್ಕ ಇಟ್ಟಳು, ಸಂಜೆ ಬೆಂಕಿ ಹಚ್ಚುವಾಗ ಹಾಕಿದರಾಯಿತು ಎಂದು.

ಸಂಜೆ ಬೆಂಕಿ ಹಚ್ಚುವ ಮೊದಲೇ ಬಾಗಿಲಲ್ಲಿ ತಲೆ ಬಗ್ಗಿಸಿ ಜಂಬಪ್ಪ ಒಳಗೆ ಬಂದ. ರೆಪ್ಪೆಯ ಕೂದಲಿನವರೆಗೆ ಕೆಂಪು ಧೂಳು.

"ಏನಲೇ, ನಿನ್ನ ಕರಡಿ ಇನ್ನೂ ಬದುಕೈತೇನು?"

"ನಿನ್ನ ಕಳ್ಳ ಮರಿಗಿಂತ ಚಲೋ ಐತಿ ಬಿಡಲೇ."

ಇಬ್ಬರೂ ನಕ್ಕರು. ಇಬ್ಬರಿಗೂ ಕೆಮ್ಮು ಬಂತು. ಒಬ್ಬನದು ನಿಂತ ಮೇಲೂ ಇನ್ನೊಬ್ಬನದು ನಿಲ್ಲಲಿಲ್ಲ, ನಿಲ್ಲದವನು ಜಂಬಪ್ಪ. ವಿರುಪಮ್ಮ ನೀರಿನ ಚೊಂಬು ಹಿಡಿದು ನಿಂತಲ್ಲೇ ನಿಂತಳು. ಈ ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸೋಮವಾರ ವ್ಯಾನ್ ಬರ್ತೈತಿ ದೊಡ್ಡವ್ವ" ಎಂದ ಜಂಬಪ್ಪ, ನೀರು ಕುಡಿದು. "ಮೆಟ್ರಿ ಊರಿಂದ ಹೊಸಬ ಒಬ್ಬ ಬಂದಾನ, ಎದಿ ಅಂದ್ರ ಬಾಗಿಲಿದ್ದಂಗೈತಿ. ಕೇಳಾಕ ಹೋದ್ರ ಆಗ್ಲೇ ನಾಕು ಮಂದಿ ಅವನ ಹಿಂದ ಅದಾರ. ನನ್ನ ಪಾಳಿ ಬರೋ ಹೊತ್ತಿಗೆ ಅವನಾಗ ಏನು ಉಳಿದಿರ್ತೈತಿ? ಹೋದ್ವರ್ಷ ನಾನು ಹಂಗೇ ಮಾಡ್ಕೊಂಡೆ. ಮೂವರಿಗೆ ಊದಿ ಕಡೀಗೆ ನಂದು ಊದಿದ್ರ ಎಂಬತ್ತೊಂದು."

"ಊದಿಸ್ಬ್ಯಾಡಪ್ಪ ಜಂಬಪ್ಪ" ಎಂದಳು ವಿರುಪಮ್ಮ. "ಇದ್ದದ್ದು ಇದ್ದಂಗ ಬರ್ಲಿ. ಹೊರಗ ಹಾಕಿದ್ರ ಹಾಕ್ಲಿ. ಹೊರಗ ಬಾ."

"ಹೊರಗ ಬಂದು ಎಲ್ಲಿಗೆ ಹೋಗ್ಲಿ ದೊಡ್ಡವ್ವ?"

ಹೊನ್ನೂರ ಮೊಬೈಲು ಎದೆಯ ಮೇಲಿಟ್ಟುಕೊಂಡು ಹೇಳಿದ, "ಈ ಸಲ ನಾನು ಊದಬೇಕಿತ್ತಲೇ ನಿನಗ. ಒಂದು ಉಸಿರು ಕೊಡೋದೈತಿ ನಾನು." ಅಷ್ಟು ಹೇಳುವುದಕ್ಕೇ ಅವನು ಎರಡು ಸಲ ನಿಂತ.

ಜಂಬಪ್ಪ ಮುಖ ತಿರುಗಿಸಿದ. ಒಲೆಯ ಪಕ್ಕ ಬಿದ್ದಿದ್ದ ಚೀಲ ಅವನಿಗೆ ಕಂಡಿತು. ಎತ್ತಿಕೊಂಡ, ಕಾಗದ ಬಿಡಿಸಿದ. ಹೊನ್ನೂರನ ಹೆಸರಿನ ಕೆಳಗಿನ ಆ ದಪ್ಪ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಅಂಕಿಯ ಮೇಲೆ ಕೆಂಪು ಗುರುತು ಉಳಿಯಿತು.

"ದೊಡ್ಡವ್ವ, ಇದು ನಂದಲ್ಲೇನು?"

"ಹೌದಪ್ಪ. ನಿಂದೇ."

"ಇಷ್ಟಿತ್ತು ನೋಡು" ಎಂದ ಅವನು ಹೊನ್ನೂರನಿಗೆ. ಮತ್ತೊಮ್ಮೆ ಓದಿದ. ಆಮೇಲೆ ಅದನ್ನು ಇದ್ದ ಮಡಿಕೆಗಳಲ್ಲೇ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಟ. ಸೋಮವಾರ ಅದನ್ನು ಯಾರೂ ಕೇಳುವುದಿಲ್ಲ, ಅದರ ಮೇಲೆ ಅವನ ಹೆಸರೂ ಇಲ್ಲ ಎಂದು ವಿರುಪಮ್ಮನಿಗೆ ಗೊತ್ತಿತ್ತು. ಕೊಟ್ಟುಬಿಡು ಎಂದು ಕೇಳಲು ಮಾತ್ರ ಅವಳಿಗೆ ಬಾಯಿ ಬರಲಿಲ್ಲ.

ಓಣಿಯ ತುದಿ ದಾಟುವವರೆಗೂ ಅವನ ಕೆಮ್ಮು ಕೇಳುತ್ತಿತ್ತು. ಅವಳು ಒಲೆಗೆ ಬೆಂಕಿ ಹಚ್ಚಿದಳು.